ಕಣ್ಣಾರೆ ಕಂಡ ಚಿರತೆ

ಸೋಮವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ, ಗಣಿತ ಪರೀಕ್ಷೆಗೆ ಹದಿನೈದು ನಿಮಿಷವಿರುವಾಗ, ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಹಿಂದೆ ಚಿರತೆ ಹೋಯಿತೆಂದು ಸುಳ್ಳು ಹೇಳಿದಳು.

ಹತ್ತು ಗಂಟೆಗೆ ಶಾಲೆಗೆ ರಜೆ ಕೊಟ್ಟರು. ಹನ್ನೊಂದಕ್ಕೆ ಪಂಚಾಯ್ತಿ ಸದಸ್ಯ ಚಿಕ್ಕೀರಣ್ಣ ಟಿ.ವಿ.ಯವರ ಮುಂದೆ ನಿಂತು, ತಾವೂ ಅದನ್ನು ಕಣ್ಣಾರೆ ಕಂಡಿದ್ದಾಗಿ, ಅದು ಕರುವಿನಷ್ಟು ಎತ್ತರವಿದ್ದುದಾಗಿ ಹೇಳಿದರು. ಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡ್ ಬೋನು ತಂದಿಳಿಸಿ, ಒಳಗೆ ಕಟ್ಟಲು ಒಂದು ಮೇಕೆ ಬೇಕೆಂದ.

“ಈ ಹುಡುಗಿ ಮನೇಲೇ ಐತಲ್ಲ ಸಾರ್, ಚೆನ್ನಾಗಿ ಕೊಬ್ಬಿರೋ ಹೋತ,” ಎಂದರು ಚಿಕ್ಕೀರಣ್ಣ.

ತಾಯಿಯಿಲ್ಲದ ಆ ಹೋತವನ್ನು ಹುಡುಗಿ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಅಳುತ್ತಾ ಬಂದು ಗಾರ್ಡ್‌ನ ಅಂಗಿ ಹಿಡಿದಳು.

“ಬ್ಯಾಡ ಸಾರ್! ನಾನು ಸುಳ್ಳೇಳ್ದೆ. ಚಿರ್ತೆನೂ ಇಲ್ಲ, ಏನೂ ಇಲ್ಲ.”

ಗಾರ್ಡ್ ಚಿಕ್ಕೀರಣ್ಣನವರತ್ತ ತಿರುಗಿ ನೋಡಿದ. “ಏನಣ್ಣ, ಇಲ್ವಂತಲ್ಲ?”

“ಮಗ ಹೆದರ್ಕೊಂಡೈತೆ ಸಾರ್. ನಮ್ಮವ್ವನಾಣೆ, ಈ ಕಣ್ಣಲ್ಲೇ ನೋಡಿವ್ನಿ. ಕತ್ಲಾದ್ಮೇಲೆ ಒಂದು ನರಪಿಳ್ಳೆನೂ ಈ ಕಡೆ ಸುಳೀಬಾರ್ದು ಅಂತ ಮೈಕಲ್ಲಿ ಕೂಗ್ಸಿ.”

ಮೈಕಿನಲ್ಲಿ ಕೂಗಿಸಿದರು. ಗಾರ್ಡ್ ಹೋತವನ್ನು ಬೋನಿನ ಒಳತುದಿಗೆ ಕಟ್ಟಿ, ತುಳಿದರೆ ಬಾಗಿಲು ಬೀಳುವಂತೆ ಹಲಗೆ ಹೊಂದಿಸಿ ಹೋದ. ಊರವರು ಸಂಜೆಗೇ ಕದ ಹಾಕಿಕೊಂಡರು. ಹುಡುಗಿ ಊಟ ಮಾಡಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಗಾರ್ಡ್ ಬಂದಾಗ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಹೋತ ಸೊಪ್ಪು ಮೆಲ್ಲುತ್ತಿತ್ತು. ಅದರ ಪಕ್ಕದಲ್ಲಿ, ಕೈಯಲ್ಲಿ ಅದರ ಬಿಚ್ಚಿದ ಹಗ್ಗ ಹಿಡಿದುಕೊಂಡು, ಚಿಕ್ಕೀರಣ್ಣ ಕೂತಿದ್ದರು.