ಆಯ್ಕೆಯಾಗಿಲ್ಲ

ತಂಗಿ ಸ್ನಾನ ಮುಗಿಸಿ ಬರುವುದರೊಳಗೆ ಅಕ್ಕ ಕೆಲಸ ಮುಗಿಸಬೇಕಿತ್ತು.

ಲ್ಯಾಪ್‌ಟಾಪಿನಲ್ಲಿ ತಂಗಿ ಅರ್ಜಿ ಹಾಕಿದ್ದ ನೌಕಾ ತರಬೇತಿ ಶಾಲೆಯ ಪುಟ ತೆರೆದಿತ್ತು. ‘ನೀವು ಆಯ್ಕೆಯಾಗಿದ್ದೀರಿ.’ ಕೆಳಗೆ ಎರಡು ಗುಂಡಿ: ‘ಒಪ್ಪಿಗೆ’, ‘ಬೇಡ’. ಸಂಜೆಯೊಳಗೆ ಯಾವುದಾದರೊಂದನ್ನು ಒತ್ತಬೇಕು. ಫಲಿತಾಂಶ ಸಿಗುವುದು ಈ ಪುಟದಲ್ಲಿ ಮಾತ್ರ.

ಅಕ್ಕ ಪುಟದ ಹಿಂದಿನ ಸ್ಕ್ರಿಪ್ಟ್, ಅಂದರೆ ಅದನ್ನು ನಡೆಸುವ ಆದೇಶದ ಸಾಲುಗಳನ್ನು ತೋರಿಸುವ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದಳು. ಜಾಲತಾಣಗಳ ಸ್ಕ್ರಿಪ್ಟಿನಲ್ಲಿ ತಪ್ಪು ಹುಡುಕಿ ತಿದ್ದುವುದೇ ಅವಳ ಹೊಟ್ಟೆಪಾಡು. ಪುಟ ತಾನಾಗಿಯೇ ಮತ್ತೆ ಮತ್ತೆ ಫಲಿತಾಂಶ ತರುತ್ತಿತ್ತು. ಸ್ಕ್ರಿಪ್ಟನ್ನು ನಡುದಾರಿಯಲ್ಲಿ ತಡೆದು, ಹಾಗೆ ಮಾಡಿಸುವ ಸಾಲನ್ನು ಹುಡುಕಿ ಬಾಯಿ ಮುಚ್ಚಿಸಿದಳು. ‘ಆಯ್ಕೆಯಾಗಿದ್ದೀರಿ’ ಇದ್ದಲ್ಲಿ ‘ಆಯ್ಕೆಯಾಗಿಲ್ಲ’ ಎಂದು ತಿದ್ದಿದಳು. ಗುಂಡಿಗಳನ್ನು ಅಳಿಸಿದಳು. ಶಾಲೆಯ ಕಡತದಲ್ಲಿ ಎಲ್ಲವೂ ಇದ್ದಂತೆಯೇ ಇತ್ತು. ಬದಲಾದದ್ದು ಈ ಪರದೆ ಮಾತ್ರ.

“ಅಕ್ಕಾ, ಬಂತಾ?” ತಂಗಿ ಒದ್ದೆ ಕೂದಲಲ್ಲೇ ಓಡಿಬಂದಳು.

“ನೀನೇ ನೋಡು.”

ನೋಡಿದಳು. ಮತ್ತೊಮ್ಮೆ ಓದಿದಳು. “ಸಂದರ್ಶನ ಅಷ್ಟು ಚೆನ್ನಾಗಿ ಆಗಿತ್ತಲ್ಲೇ...”

“ನನಗೂ ಆಗ ಹಾಗೇ ಅನ್ನಿಸಿತ್ತು.”

ವರ್ಷಗಳ ಹಿಂದೆ ಅಕ್ಕನೂ ಅದೇ ಶಾಲೆಗೆ ಅರ್ಜಿ ಹಾಕಿದ್ದಳು. ಉತ್ತರಕ್ಕೆ ಕಾದು ಕಾದು ಸೋತಳು. ತನಗಷ್ಟು ಯೋಗ್ಯತೆಯಿಲ್ಲ ಎಂದುಕೊಂಡು ಮನೆಯಲ್ಲೇ ಉಳಿದಳು. ಈಗ ತಂಗಿಯ ಬೆನ್ನು ಸವರಿದಳು.

ಒಳಕೋಣೆಯಿಂದ ಅಮ್ಮ ಕೂಗಿದಳು. ಅಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಮೈ ಒರೆಸುವುದು ಎಲ್ಲ ತಂಗಿಯದೇ. ಅವಳು ಹೋಗಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು.

“ಅಳಬೇಡ ಕಂದ. ನಿನ್ನನ್ನ ಬೇಡ ಅಂದವರ ಬಾಯಿಗೆ ಮಣ್ಣು ಬೀಳ! ನಾನು ಒಬ್ಬಳೇ ಬಿದ್ದಿದ್ದಾದರೂ ನಿನ್ನನ್ನ ಕಳಿಸ್ತಿದ್ದೆ.” ಅಮ್ಮನ ಕಣ್ಣಲ್ಲೂ ನೀರು. ಬಾಗಿಲಲ್ಲಿ ನಿಂತಿದ್ದ ಅಕ್ಕ ತಲೆ ತಗ್ಗಿಸಿದಳು.

ತಂಗಿ ಮೂಗೊರೆಸಿಕೊಂಡು ಹಾಲು ಕಾಯಿಸಲು ಎದ್ದಳು. ಅಕ್ಕ ಲ್ಯಾಪ್‌ಟಾಪಿಗೆ ಮರಳಿ ಪುಟವನ್ನು ರಿಫ್ರೆಶ್ ಮಾಡಿದಳು. ಹಳೆಯ ಸಾಲು ಮತ್ತೆ ಮೂಡಿತು, ಗುಂಡಿಗಳೂ ಬಂದವು. ‘ಬೇಡ’ ಒತ್ತಿದಳು.

ಆಮೇಲೆ ಒಳಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. “ಆಯ್ತಮ್ಮ. ನೀನು ಹೇಳಿದ ಹಾಗೇ ಮಾಡಿದೆ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಷ್ಟೆಲ್ಲ ರಗಳೆ ಬೇಕಾಯ್ತಲ್ಲೇ! ನಿನ್ನ ಸಲ ಆ ಶಾಲೆಯವರು ಮನೆಗೇ ಫೋನ್ ಮಾಡಿದ್ರು. ‘ಅವಳಿಗೆ ಮದುವೆ ಆಗೋಯ್ತು, ಬರಲ್ಲ’ ಅಂದೆ. ಮುಗೀತು.”