ಎತ್ತಿನ ಹೊಟ್ಟೆಯೊಳಗೆ ಈರಯ್ಯ

ಒಳಹೊಕ್ಕ ಈರಯ್ಯನಿಗೆ ಹೊರಗೆ ಬರಲು ಆಗುತ್ತಿರಲಿಲ್ಲ.

ಕಬ್ಬಿಣದ ಆ ಎತ್ತು ಶಿಲ್ಪಿ ಶರ್ವರಿ ಕಟ್ಟಿದ್ದು. ಸೊಲ್ಲಾಪುರ ರಸ್ತೆಯ ಶೆಡ್ಡಿನಲ್ಲಿ ವರ್ಷವಿಡೀ ಹಳೆಯ ರಂಟೆ, ಕುಂಟೆ, ಬಂಡಿಯ ಪಟ್ಟಿಗಳನ್ನು ಬೆಸೆದು ಆಳೆತ್ತರ ನಿಲ್ಲಿಸಿದ್ದಳು. ಕುಂಟೆಯ ಅಲಗುಗಳೇ ಪಕ್ಕೆಲುಬು. ಡುಬ್ಬ ಮಾತ್ರ ಕಟ್ಟಿಗೆಯದು: ಬಿತ್ತುವ ಕೂರಿಗೆಯ ಬಟ್ಟಲನ್ನು ಬೋರಲು ಹಾಕಿ, ಬೆನ್ನಿನ ತಗಡಿಗೆ ಬಿಗಿದಿದ್ದಳು. ಇನ್ನೇನು ಲಾರಿ ಬಂದು ಎತ್ತನ್ನು ತಿಕೋಟಾದ ಸರ್ಕಲ್ಲಿಗೆ ಒಯ್ಯುವುದಿತ್ತು.

ಬಟ್ಟಲು ಘೋಣಸಗಿಯ ಈರಯ್ಯನ ಮನೆಯದು. ಮಗ ಗುಜರಿಗೆ ಹಾಕಿದ್ದ. ಹಿಂಗಾರಿ ಬಿತ್ತುವ ಮುಂಚೆ ಅದಕ್ಕೆ ಪೂಜೆಯಾಗಬೇಕೆಂದು ಅವನೂ ಹೆಂಡತಿ ಗುರುಬಸವ್ವನೂ ಆಟೋದಲ್ಲಿ ಬಂದಿದ್ದರು. ವಾಪಸು ಕೊಡು ಎನ್ನಲಿಲ್ಲ. ಶರ್ವರಿಗೆ ಅದೇ ಸಮಾಧಾನ. ಬಟ್ಟಲಿನ ಬಾಯಿ ಒಳಗಡೆ ಇದ್ದದ್ದರಿಂದ ಈರಯ್ಯ ಹಿಂಗಾಲುಗಳ ನಡುವಿನ ಸಂದಿಯಿಂದ ನುಸುಳಿ, ಕುಂಕುಮ ಹಚ್ಚಿದ್ದ.

"ಅಜ್ಜಾರ, ಹೊಕ್ಕ ಹಾದೀಲೆನ ಬರ್ರಿ."

"ಬರಾಕ ಆಗವಲ್ದು ತಂಗಿ. ಟೊಂಕ ಹಿಡದೈತಿ. ಉಸರ ಕಟ್ಟಾಕತ್ತೈತಿ."

ಶರ್ವರಿ ಅವನ ಕಾಲು ಹಿಡಿದು ಎಳೆದಳು. ಅವನು ನರಳಿದ. ಗುರುಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕುಳಿತಳು.

"ಪಕ್ಕೆಲುಬು ಕೊಯ್ತೀನಿ," ಎಂದಳು ಶರ್ವರಿ.

"ಬ್ಯಾಡ," ಎಂದ ಈರಯ್ಯ ಒಳಗಿನಿಂದ. "ಅಲಗ ಸಿಡದ್ರ ಕಣ್ಣ ಹೋಗ್ತಾವ. ಮ್ಯಾಲಿಂದ ತಗೀರಿ."

ಮೇಲೆ ಎಂದರೆ ಡುಬ್ಬ. ಅದಿಲ್ಲದ ಎತ್ತನ್ನು ಯಾರಿಗೆ ತೋರಿಸುವುದು? ಲಾರಿಯವನು ಹಾರ್ನ್ ಹೊಡೆಯತೊಡಗಿದ. ಒಳಗೆ ಸಿಕ್ಕಿಕೊಂಡಿದ್ದು ಈರಯ್ಯನೋ ತಾನೋ ತಿಳಿಯದಂತಾಯಿತು ಅವಳಿಗೆ.

"ಯವ್ವಾ, ಎತ್ತ ಮತ್ತ ಕಟ್ಟಬಹುದ," ಎಂದಳು ಗುರುಬಸವ್ವ. "ನನ್ನ ಮನಿಯವರನ್ನ ಯಾರ ಕಟ್ಟಿಕೊಡ್ತಾರ?"

ಶರ್ವರಿ ಹಲ್ಲು ಕಚ್ಚಿ ಗ್ರೈಂಡರ್ ಎತ್ತಿಕೊಂಡಳು. ಈರಯ್ಯ ಅವಳು ಒಳಗೆ ತೂರಿಸಿದ ಹಸಿ ಗೋಣಿಚೀಲ ಹೊದ್ದು ಮುದುಡಿ ಕುಳಿತ. ತಗಡು ಕಳಚಿತು, ಬಟ್ಟಲು ಬಿಡಿಯಾಯಿತು. ಕೆಳಗೆ ನಿಂತಿದ್ದ ಗುರುಬಸವ್ವ ಬಟ್ಟಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಶರ್ವರಿ ಈರಯ್ಯನ ರಟ್ಟೆ ಹಿಡಿದು ಮೇಲಕ್ಕೆಳೆದು ಇಳಿಸಿದಳು. ಜೀವ ಉಳಿಯಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಕಣ್ಣೊರೆಸಿಕೊಂಡು ನೋಡಿದರೆ ಗುರುಬಸವ್ವ ಆಗಲೇ ಆಟೋದಲ್ಲಿ ಕುಳಿತಿದ್ದಳು, ಬಟ್ಟಲು ಮಡಿಲಲ್ಲಿ. "ಅಜ್ಜಿ, ಅದನ್ನ ಇಲ್ಲೆ ಇಡ್ರಿ," ಎಂದು ಶರ್ವರಿ ಕೂಗಿದಳು. ಗುರುಬಸವ್ವನಿಗೆ ಕೇಳಿಸಲಿಲ್ಲ.

ಆಟೋ ಹತ್ತಲು ಹೊರಟ ಈರಯ್ಯ ತಲೆ ಮುಟ್ಟಿ ನೋಡಿಕೊಂಡ. "ರುಮಾಲ ಒಳಗ ಉಳೀತ. ಬರಿ ತಲೀಲೆ ಬಿತ್ತಾಕ ಹೆಂಗ ಹೋಗ್ಲಿ?"

ಸರ್ರನೆ ಹಿಂಗಾಲುಗಳ ನಡುವಿನ ಸಂದಿಯಿಂದ ಒಳನುಸುಳಿದ, ರುಮಾಲು ಸುತ್ತಿಕೊಂಡ, ಅದೇ ಸಂದಿಯಿಂದ ಹೊರಬಂದು ಆಟೋ ಏರಿದ.