ಉಬ್ಬದ ಹಿಟ್ಟು

ಸೊಸೆ ರುಬ್ಬಿದ ದೋಸೆಹಿಟ್ಟು ಹದಿನೈದು ದಿನದಲ್ಲಿ ಒಮ್ಮೆಯೂ ಉಬ್ಬಿರಲಿಲ್ಲ. ಅವಳಿಗೆ ಮೆತ್ತನೆಯ ದೋಸೆ ಕಲಿಸಿಯೇ ಊರಿಗೆ ಮರಳುವೆನೆಂದು ಮಗನಿಗೆ ಮಾತು ಕೊಟ್ಟಿದ್ದ ದೇವೀರಮ್ಮನಿಗೆ ರೇಗಿಹೋಗಿತ್ತು.

“ಉದ್ದು ನಾನೇ ನೆನೆಹಾಕಿದೀನಿ, ಉಪ್ಪೂ ನಾನೇ ಹಾಕಿದೀನಿ. ನಿನ್ನ ಕೈಯಲ್ಲಿ ಶನಿ ಕೂತವ್ನಾ? ನಾಳೆ ಹಿಟ್ಟು ಉಬ್ಬಲಿ, ಮೊದಲ ಬಸ್ಸಿಗೇ ಹೊರಡ್ತೀನಿ. ನಿನ್ನ ಮುಖ ನೋಡಿ ಸಾಕಾಯ್ತು!”

ಮರುದಿನ ಬೆಳಕು ಹರಿಯುವಾಗಲೇ ಅಡುಗೆಮನೆಗೆ ಬಂದರೆ, ಹಿಟ್ಟು ಪಾತ್ರೆಯ ಬಾಯಿವರೆಗೂ ಉಬ್ಬಿ ನಿಂತಿತ್ತು. ಸೊಸೆ ಅದಕ್ಕೆ ಚೊಂಬಿನಿಂದ ಕುದಿಯುವ ನೀರು ಸುರಿಯುತ್ತಿದ್ದಳು.

“ಅಯ್ಯೋ ಮನೆಹಾಳಿ! ದಿನಾ ಇದೇ ಕೆಲಸನಾ? ನನ್ನ ಮೇಲೆ ಅಷ್ಟೊಂದು ಹಗೆಯೇನೇ?”

“ಮೆಲ್ಲಗೆ ಅತ್ತೆ, ಅವರು ಎದ್ದುಬಿಡ್ತಾರೆ.”

“ಏಳಲಿ! ಕಟ್ಕೊಂಡವಳ ಬಂಡವಾಳ ಅವನೂ ನೋಡಲಿ!”

“ಹಿಟ್ಟು ಉಬ್ಬಿದ್ರೆ ನೀವು ಹೊರಟುಬಿಡ್ತೀರಿ,” ಎಂದಳು ಸೊಸೆ. “ನೀವು ಈ ಮನೇಲಿರೋ ತನಕ ನಿಮ್ಮ ಮಗ ನನಗೆ ಹೊಡೆಯಲ್ಲ.”

ಅಷ್ಟರಲ್ಲಿ ಕೋಣೆಯಿಂದ ಮಗ ಕೂಗಿದ: “ಅವ್ವಾ, ಇವತ್ತಾದ್ರೂ ಉಬ್ಬೈತಾ?”

“ಇಲ್ಲ ಕಣ್ಲಾ!” ಎಂದು ಗದರಿದ ದೇವೀರಮ್ಮ, ಸೊಸೆಯ ಕೈಯಿಂದ ಚೊಂಬು ಕಿತ್ತುಕೊಂಡು ಉಳಿದ ಬಿಸಿನೀರನ್ನೂ ಹಿಟ್ಟಿಗೆ ಸುರಿದಳು.